ಚೋಟ್ಯಾನ ಲಕ್ಷಣಗಳು

ಅಗರಖೇಡದ ಸುಂದರವ್ವನಿಗೆ ಹನ್ನೊಂದು ಆಡುಗಳಿದ್ದವು, ಊರ ಹೊರಗೆ ಒಂದು ಗುಡಿಸಲಿತ್ತು, ಒಂದು ನಾಯಿಯಿತ್ತು. ಗಂಡ ಸತ್ತು ಆರು ವರ್ಷವಾಗಿತ್ತು. ಕುರಿ ಕಾಯುವವರ ಮನೆಯ ನಾಯಿಯೆಂದರೆ ಎದೆಯುದ್ದ ನಿಂತು ತೋಳನ ಕುತ್ತಿಗೆಗೆ ಬಾಯಿ ಹಾಕುವಂಥದು ಎಂದು ನೀವು ಅಂದುಕೊಂಡಿದ್ದರೆ, ಚೋಟ್ಯಾನನ್ನು ನೀವು ನೋಡಿಲ್ಲ. ಅದರ ತಾಯಿ ಸುಂದರವ್ವನ ತಮ್ಮನ ಕುರಿಮಂದೆಯ ಹಿಂದೆ ತಿರುಗುವ ಕಂದು ನಾಯಿ. ಒಂದು ಸಲ ಲಚ್ಯಾಣ ಸ್ಟೇಷನ್ನಿನ ಹತ್ತಿರದ ಹೊಲದಲ್ಲಿ ಕುರಿ ಕೂಡಿಸಿದ್ದಾಗ ಅಲ್ಲಿನ ಸ್ಟೇಷನ್ ಮಾಸ್ತರರ ಬಿಳಿ ಜೊಂಪೆಯ ನಾಯಿಯ ಜೊತೆ ಅದು ನಾಲ್ಕು ದಿನ ಸಂಸಾರ ಮಾಡಿತು. ಹುಟ್ಟಿದ ಐದರಲ್ಲಿ ಉಳಿದದ್ದು ಇದೊಂದೇ.

ಮೈಬಣ್ಣ ತಾಯಿಯದು, ಕೂದಲು ತಂದೆಯದು, ಗೇಣುದ್ದದ ಕಾಲುಗಳು ಯಾರವೋ ದೇವರಿಗೇ ಗೊತ್ತು. ಒಂದು ಕಿವಿ ನಿಂತಿತ್ತು, ಒಂದು ಬಿದ್ದಿತ್ತು. ಕೆಳದವಡೆ ಮುಂದೆ ಚಾಚಿಕೊಂಡು ಎರಡು ಹಲ್ಲು ಮೇಲ್ತುಟಿಯ ಮೇಲೆ ಕೂತಿದ್ದರಿಂದ ಅದು ನಗುತ್ತಿದೆಯೋ ಗುರುಗುಟ್ಟುತ್ತಿದೆಯೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ಆ ಸಂದಿನಿಂದ ಸದಾ ಒಂದು ಎಳೆ ಜೊಲ್ಲು ಇಳಿಯುತ್ತಿತ್ತು. ಹನ್ನೆರಡು ತಿಂಗಳೂ ಕಣ್ಣಲ್ಲಿ ನೀರು. ಬೊಗಳಬೇಕೆಂದರೆ ಮೊದಲು ಗಂಟಲು ಕಟ್ಟಿದ ಹುಂಜದಂತೆ ಎರಡು ಸಲ ಕೆಮ್ಮಬೇಕು, ಆಮೇಲೆ ಬೊಗಳು. ಓಡುವಾಗ ಹಿಂದಿನ ಎಡಗಾಲು ನಡುನಡುವೆ ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಕಾಲಿನ ಮೇಲೆ ನಾಲ್ಕು ಸಲ ಕುಪ್ಪಳಿಸಿದರೆ ತಾನಾಗಿ ಬಿಡುತ್ತಿತ್ತು. ನೋಡಿದವರು ಇದು ಇವತ್ತೋ ನಾಳೆಯೋ ಎನ್ನುತ್ತಿದ್ದರು. ಸುಂದರವ್ವನೊಬ್ಬಳಿಗೆ ಗೊತ್ತಿತ್ತು, ನಾಲ್ಕು ವರ್ಷದಲ್ಲಿ ಅದಕ್ಕೆ ಒಂದು ದಿನವೂ ಜಡ್ಡು ಬಂದಿರಲಿಲ್ಲ.

ಗುಣ ಹೇಳಬೇಕೆಂದರೆ ಹೊಟ್ಟೆಬಾಕ, ಪುಕ್ಕಲ, ರೊಟ್ಟಿ ಹಾಕಿದವರ ಕಾಲಡಿ ಹೊರಳುವ ನಾಚಿಕೆಗೆಟ್ಟದ್ದು. ಗುಡುಗಿದರೆ ಸುಂದರವ್ವನ ಕಂಬಳಿಯೊಳಗೆ ತೂರಿ ನಡುಗುತ್ತಿತ್ತು. ಆದರೆ ಅವಳ ಮೇಲೆ ಯಾರಾದರೂ ಕೈ ಎತ್ತಿದರೆ ಮಾತ್ರ ಆ ಗೇಣುದ್ದದ ಪ್ರಾಣಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಬಂದದ್ದು ಒಂದೇ ಸಲ. ಆ ಒಂದು ಸಲವೇ ಸಾಕಾಯಿತು.

ಎಪ್ಪತ್ತಾರನೆಯ ಇಸವಿ, ಹಿಂಗಾರಿ ಹಂಗಾಮು. ಬಿಳಿಜೋಳ ಮೊಳಕಾಲುದ್ದ ಬಂದಿತ್ತು. ಸುಂದರವ್ವ ಬದುವಿನ ಮೇಲೆ ಕೂತು ಕಾಲಿಗೆ ನೆಟ್ಟ ಮುಳ್ಳು ತೆಗೆಯುತ್ತಿದ್ದಳು. ಅಷ್ಟರಲ್ಲಿ ಎರಡು ಆಡು ಪರಪ್ಪಗೌಡನ ಹೊಲಕ್ಕೆ ಇಳಿದವು. ಪರಪ್ಪಗೌಡ ಊರಿನಲ್ಲಿ ಅರವತ್ತು ಎಕರೆಯ ಧಣಿ. ಕೈಯಲ್ಲಿ ಬಾರುಕೋಲು ಇತ್ತು. ಆಡು ಓಡಿಸುವುದು ಬಿಟ್ಟು ಆತ ನೇರ ಬದುವಿಗೆ ಬಂದು ಸುಂದರವ್ವನ ಬೆನ್ನಿಗೆ ಬಾರಿಸಿದ. ಒಂದು ಏಟಿಗೆ ಕುಪ್ಪಸ ಹರಿಯಿತು. ಎರಡನೆಯದಕ್ಕೆ ಚರ್ಮ ಎದ್ದಿತು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಚೋಟ್ಯಾ ಅವನ ಮೀನಖಂಡಕ್ಕೆ ಹಲ್ಲು ಹಾಕಿ ಜೋತುಬಿದ್ದಿತ್ತು.

ಗೌಡ ಕೂಗಿದ ಕೂಗು ಹೊಳೆಯವರೆಗೆ ಕೇಳಿತು. ಕಾಲು ಝಾಡಿಸಿ ನಾಯಿಯನ್ನು ನೆಲಕ್ಕೆ ಕೆಡವಿ, ದೊಡ್ಡ ಕಲ್ಲೆತ್ತಿದ. ಆಳುಮಗ ಧೂಳಪ್ಪ ಓಡಿಬಂದು ಅವನ ರಟ್ಟೆ ಹಿಡಿದ.

"ಯಪ್ಪಾ, ಕೊಲ್ಲಬ್ಯಾಡ್ರಿ! ಚಂದಪ್ಪಗ ಏನಾತು, ನೆನಪ ಮಾಡ್ಕೋರಿ!"

ಕಲ್ಲು ಗೌಡನ ಕೈಯಲ್ಲೇ ಉಳಿಯಿತು. ಚಂದಪ್ಪನ ಕತೆ ಊರಿಗೆಲ್ಲ ಗೊತ್ತು. ತನ್ನನ್ನು ಕಚ್ಚಿದ ನಾಯಿಯನ್ನು ಆತ ಅಲ್ಲೇ ಜಜ್ಜಿ ಕೊಂದ. ನಾಯಿ ಹೋಯಿತು, ಅದಕ್ಕೆ ಹುಚ್ಚು ಇತ್ತೋ ಇಲ್ಲವೋ ಹೇಳುವವರು ಯಾರೂ ಇಲ್ಲದಂತಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಮಾಡಿಸಿಕೊಂಡು, ಎರಡು ತಿಂಗಳು ಬಗ್ಗಿಯೇ ನಡೆದಿದ್ದ. ಹೊಟ್ಟೆಯ ಮೇಲೆ ಎದ್ದ ಬದನೆಕಾಯಿಯಂಥ ಗಂಟುಗಳನ್ನು ಆತ ಕಟ್ಟೆಯ ಮೇಲೆ ಕೂತು ಅಂಗಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ನೋಡಿದವರಲ್ಲಿ ಪರಪ್ಪಗೌಡನೂ ಒಬ್ಬ.

ಮರುದಿನ ಗೌಡ ತಾಲೂಕು ಊರಾದ ಇಂಡಿಯ ದವಾಖಾನೆಗೆ ಹೋದ. ಗಂಡಸರು ದವಾಖಾನೆಯ ಬಾಗಿಲು ಕಂಡರೆ ದಾರಿ ಬದಲಿಸುತ್ತಿದ್ದ ವರ್ಷ ಅದು, ಒಳಗೆ ಹೋದವರನ್ನು ಎಲ್ಲಿ ಸಂತಾನಹರಣದ ಆಪರೇಷನ್ನಿಗೆ ಮಲಗಿಸಿಬಿಡುತ್ತಾರೋ ಎಂಬ ಹೆದರಿಕೆ. ಡಾಕ್ಟರು ಗಾಯ ತೊಳೆದು, ಸಮಾಧಾನವಾಗಿಯೇ ಹೇಳಿದರು: ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹುಚ್ಚು ಹಿಡಿದ ನಾಯಿ ಅಷ್ಟರೊಳಗೆ ಸಾಯುತ್ತದೆ. ಜೊಲ್ಲು ಸುರಿಸುವುದು, ದನಿ ಬದಲಾಗುವುದು, ಹಿಂಗಾಲು ಸೋಲುವುದು, ಕಣ್ಣು ಕೆಡುವುದು, ಇಂಥ ಹೊಸ ಲಕ್ಷಣ ಏನಾದರೂ ಕಂಡರೆ ಕೂಡಲೇ ಬರಬೇಕು. ಏನೂ ಕಾಣದಿದ್ದರೆ ಸೂಜಿ ಬೇಡ.

ಈಗ ನೋಡಿ ತಮಾಷೆ. ಡಾಕ್ಟರು ಹೇಳಿದ್ದೆಲ್ಲ ಚೋಟ್ಯಾನ ಮೈಮೇಲೆ ಹುಟ್ಟಿದಾಗಿನಿಂದ ಇತ್ತು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಬಲ್ಲವಳು ಊರಿಗೆ ಊರೇ ಹುಡುಕಿದರೂ ಒಬ್ಬಳೇ. ಅವಳ ಬೆನ್ನಿನ ಬಾಸುಂಡೆ ಇನ್ನೂ ಒಣಗಿರಲಿಲ್ಲ.

ಚೋಟ್ಯಾನನ್ನು ಗೌಡನ ವಾಡೆಯ ದನದ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕಟ್ಟಿದರು. ಮೊದಲ ದಿನ ಮುಂಜಾನೆ ಧೂಳಪ್ಪ ಬಂದು ಸುಂದರವ್ವನನ್ನು ಕರೆದೊಯ್ದ. ಗೌಡ ಬಾಗಿಲಲ್ಲಿ, ನಾಲ್ಕು ಮಾರು ದೂರ ನಿಂತಿದ್ದ. ಹೆಂಡತಿ ಸುಮಿತ್ರಾಬಾಯಿ ಅವನ ಹಿಂದೆ. ಸುಂದರವ್ವನನ್ನು ಕಂಡದ್ದೇ ಚೋಟ್ಯಾ ಸರಪಳಿ ಜಗ್ಗಿ ಜಗ್ಗಿ ಕುಣಿಯಿತು. ಎರಡು ಸಲ ಕೆಮ್ಮಿ ಬೊಗಳಿತು, ಅವಳ ಕೈ ನೆಕ್ಕಿತು.

"ಕಣ್ಣಾಗ ನೀರು ಯಾಕ ಬರಾಕತ್ತೈತಿ ಇದಕ?" ಎಂದ ಗೌಡ.

"ಹುಟ್ಟಾ ಹಂಗ ಐತ್ರಿ."

"ಜೊಲ್ಲು?"

"ಹಲ್ಲು ಮುಂದ ಬಂದಾವಲ್ರಿ ಗೌಡ್ರ, ಅದಕ ಇಳೀತೈತಿ. ಏನೂ ಆಗಿಲ್ರಿ ಅದಕ. ಛಲೋ ಐತಿ."

ಗೌಡ ಉಸಿರು ಬಿಟ್ಟ. ಹೆದರಿಕೆ ಇಳಿದ ಕೂಡಲೇ ಗೌಡಿಕೆ ಏರಿತು. "ಹತ್ತು ದಿನ ಹಾಲು-ರೊಟ್ಟಿ ತಿನ್ಲಿ ಮಗಂದು. ಹನ್ನೊಂದನೇ ದಿನ ನಾನ ನನ್ನ ಕೈಯಾಗ ಬಡದು ಕೊಲ್ತೇನಿ. ನೀನೂ ಬಂದು ನಿಂತು ನೋಡಬೇಕ. ಬರಲಿಲ್ಲಂದ್ರ ಎಳದು ತರಸ್ತೇನಿ."

ಸುಂದರವ್ವ ಆ ದಿನ ಆಡು ಬಿಡಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತೇ ಇದ್ದಳು. ಗಂಡ ಹೋದ ಮೇಲೆ ಅವಳು ಬಾಯಿಬಿಟ್ಟು ಮಾತಾಡಿದ್ದು ಆ ನಾಯಿಯ ಜೊತೆಗೇ. ಬಿಸಿಲಿನಲ್ಲಿ ತಲೆ ತಿರುಗಿ ಬಿದ್ದಾಗ ಊರಿಗೆ ಓಡಿ ಜನರನ್ನು ಕೂಗಿ ತಂದದ್ದು ಅದೇ. ತನಗಾಗಿ ಕಚ್ಚಿದ ಪ್ರಾಣಿಯನ್ನು ತನ್ನ ಕಣ್ಣೆದುರೇ ಬಡಿದು ಕೊಲ್ಲುತ್ತಾರೆ ಎಂಬುದು ಅವಳಿಗೆ ಸಹಿಸಲಾಗದ ಸಂಗತಿಯಾಗಿತ್ತು. ಸಂಜೆಯ ಹೊತ್ತಿಗೆ ಅವಳಿಗೆ ಒಂದು ವಿಷಯ ಹೊಳೆಯಿತು. ನಾಯಿ ಚೆನ್ನಾಗಿದೆ ಎಂದು ಗೌಡನಿಗೆ ಖಾತ್ರಿಯಾದ ದಿನ ಅದರ ಸಾವು. ಖಾತ್ರಿಯಾಗದಷ್ಟು ದಿನ ಅದು ಬದುಕಿರುತ್ತದೆ.

ಎರಡನೆಯ ದಿನ ಗೌಡ ಕೇಳುವ ಮೊದಲೇ ಅವಳು ಚೋಟ್ಯಾನ ಮುಖ ಎತ್ತಿ ಬೆಳಕಿಗೆ ಹಿಡಿದಳು. ದಿನಾ ನೋಡಿದ ಕಣ್ಣನ್ನೇ ಹೊಸದಾಗಿ ನೋಡುವವಳಂತೆ ನೋಡಿದಳು.

"ಇಷ್ಟ ನೀರು ಮೊದಲ ಇರಲಿಲ್ರಿ" ಎಂದಳು.

ಗೌಡನ ಮುಖದ ಬಣ್ಣ ಇಳಿದದ್ದನ್ನು ಅವಳು ಓರೆಗಣ್ಣಿನಿಂದ ಕಂಡಳು. ಸುಳ್ಳಾಡಬಾರದು, ಹೊಟ್ಟೆ ತಣ್ಣಗಾಯಿತು ಅವಳಿಗೆ. ಬೆನ್ನಿನ ಉರಿಗೆ ಮೂರು ದಿನ ಬೇವಿನ ಎಣ್ಣೆ ಹಚ್ಚಿದರೂ ಸಿಗದ ತಂಪು ಆ ಒಂದು ಮಾತಿನಲ್ಲಿ ಸಿಕ್ಕಿತು. ಮೂರನೆಯ ದಿನ ಚೋಟ್ಯಾ ಕುಣಿಯುವಾಗ ಹಿಂಗಾಲು ಸಿಕ್ಕಿಕೊಂಡಿತು. "ಅಯ್ಯ, ಇದೇನ ಕುಂಟಾಕತ್ತೈತಿ!" ಎಂದು ಅವಳೇ ಮೊದಲು ಬೆರಗಾದಳು. ನಾಲ್ಕನೆಯ ದಿನ ಅದು ಕೆಮ್ಮಿ ಬೊಗಳಿತು. ಅವಳು ಏನೂ ಹೇಳಲಿಲ್ಲ, ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದಳು, ಅಷ್ಟೆ. ಅವಳ ಮಾತಿಗಿಂತ ಆ ಸುಮ್ಮನಿರುವಿಕೆ ಗೌಡನನ್ನು ಹೆಚ್ಚು ಹೆದರಿಸಿತು. ಆತ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಇಂಡಿಯ ಬಸ್ಸಿಗೆ ಓಡಿದ.

ಅವತ್ತಿನಿಂದ ಸೂಜಿ ಶುರುವಾದವು. ದಿನಕ್ಕೊಂದು. ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಸುಂದರವ್ವ ಬೇಕೆಂತಲೇ ತನ್ನ ಆಡುಗಳನ್ನು ಬಸ್ ನಿಲ್ಲುವ ಕಡೆ ಬಿಟ್ಟುಕೊಂಡಿರುತ್ತಿದ್ದಳು. ಹೊಟ್ಟೆಗೆ ಎರಡೂ ಕೈ ಒತ್ತಿಕೊಂಡು, ಹೊಸದಾಗಿ ಹೆತ್ತ ಬಾಣಂತಿಯಂತೆ ಒಂದೊಂದೇ ಮೆಟ್ಟಿಲು ಇಳಿಯುವ ಗೌಡನನ್ನು ನೋಡುವುದು ಅವಳಿಗೆ ಊಟಕ್ಕಿಂತ ರುಚಿಯಾಗಿತ್ತು. ಧೋತರ ಸೊಂಟಕ್ಕೆ ತಾಗಿದರೆ ಆತ ಹಲ್ಲು ಕಚ್ಚುತ್ತಿದ್ದ. ಇಡೀ ಊರನ್ನು ಬಾರುಕೋಲಿನಿಂದ ಆಳಿದವನಿಗೆ ಈಗ ಗಟ್ಟಿಯಾಗಿ ಸೀನಲೂ ಧೈರ್ಯವಿರಲಿಲ್ಲ. ಸಂಜೆ ವಾಡೆಯೊಳಗಿಂದ ನರಳಾಟ ಕೇಳುತ್ತಿತ್ತು. ಸುಮಿತ್ರಾಬಾಯಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅವನ ಹೊಟ್ಟೆಗೆ ಶಾಖ ಕೊಡುತ್ತಿದ್ದಳು.

ಇತ್ತ ಚೋಟ್ಯಾನಿಗೆ ಹಬ್ಬ. ಅದು ತಿನ್ನುತ್ತದೋ ಇಲ್ಲವೋ, ಕುಡಿಯುತ್ತದೋ ಇಲ್ಲವೋ ಎಂಬುದರ ಮೇಲೆ ಗೌಡನ ಜೀವ ನಿಂತಿತ್ತು. ದಿನಾ ಸಂಜೆ ಆತನೇ ಬಂದು ನೀರಿನ ಬಟ್ಟಲನ್ನು ಉದ್ದನೆಯ ಬಡಿಗೆಯಿಂದ ಮುಂದೆ ನೂಕಿ, ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಚೋಟ್ಯಾ ಲೊಚಲೊಚ ನೀರು ಕುಡಿದರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. "ಕುಡಿಯೋ ನನ್ನಪ್ಪಾ, ಇನ್ನೊಂದೀಟ ಕುಡಿ" ಎಂದು ಬೇಡಿಕೊಳ್ಳುವುದನ್ನು ಧೂಳಪ್ಪ ಕೇಳಿ ಬಂದು ಊರಿಗೆಲ್ಲ ಹೇಳಿ ನಗಿಸಿದ. ನಾಯಿಗೇನು ಗೊತ್ತು? ಹಾಲು ಕೊಡುವವ, ಹತ್ತಿರ ಕೂತು ಮೆಲ್ಲಗೆ ಮಾತಾಡುವವ. ಗೌಡನ ಹೆಜ್ಜೆ ಸಪ್ಪಳಕ್ಕೆ ಅದು ಬಾಲ ಅಲ್ಲಾಡಿಸಲು ಕಲಿಯಿತು.

ಹತ್ತನೆಯ ದಿನ, ಏಳನೆಯ ಸೂಜಿ ಮಾಡಿದ ಮೇಲೆ ಡಾಕ್ಟರು ಕೇಳಿದರು, ನಾಯಿ ಸತ್ತಿತೇ ಎಂದು. ಇಲ್ಲ ಎಂದ ಗೌಡ. ಹಾಗಾದರೆ ಅದಕ್ಕೆ ಹುಚ್ಚಿಲ್ಲ, ನಾಳೆಯಿಂದ ಬರಬೇಡಿ ಎಂದರು. ಗೌಡ ಬಸ್ಸಿನಿಂದ ಇಳಿಯುತ್ತಲೇ ಧೂಳಪ್ಪನಿಗೆ ಕೂಗಿದ: "ಏ, ಆ ಬನ್ನಿ ಬಡಿಗಿ ತಗದಿಡು. ನಾಳೆ ಮುಂಜಾನಿ ಬೇಕು." ಆಡುಗಳ ನಡುವೆ ನಿಂತಿದ್ದ ಸುಂದರವ್ವನಿಗೂ ಕೇಳಲಿ ಎಂದೇ ಅಷ್ಟು ಗಟ್ಟಿಯಾಗಿ ಕೂಗಿದ್ದು.

ಅವಳ ಗುಡಿಸಲಲ್ಲಿ ಕಂಬಳಿ ತೊಳೆಯಲು ಇಟ್ಟ ಅಂಟವಾಳಕಾಯಿಯ ಗಂಟಿತ್ತು. ನೀರು ತಾಗಿದರೆ ಸಾಬೂನಿನಂತೆ ನೊರೆ ಬಿಡುವ, ನಾಲಗೆಗೆ ತಾಗಿದರೆ ವಿಷದಷ್ಟು ಕಹಿಯಾದ ಕಾಯಿ. ಹನ್ನೊಂದನೆಯ ದಿನ ಮುಂಜಾನೆ ಅವಳು ಅದರಲ್ಲೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಮಾಡಿ ಕೂತು, ಕಾಯಿ ಒಡೆದು ಬೀಜ ಕೆಡವಿ, ಸಿಪ್ಪೆಯನ್ನು ಉಗುಳಿನಲ್ಲಿ ತೊಯ್ಸಿ, ತನ್ನ ಕೈ ನೆಕ್ಕಲು ಬಂದ ಚೋಟ್ಯಾನ ದವಡೆ ಬಿಡಿಸಿ ಒಸಡಿಗೆಲ್ಲ ತಿಕ್ಕಿದಳು. ಅದು ಬಿಡಿಸಿಕೊಳ್ಳಲು ಒದ್ದಾಡಿತು. ಅವಳು ಮೂತಿ ಬಿಡಲಿಲ್ಲ.

"ನಿನ್ನ ಜೀವಾ ಉಳೀಲಿ ಅಂತನ ಮಾಡಾಕತ್ತೇನೋ, ಸುಮ್ನಿರು" ಎಂದು ಪಿಸುಗುಟ್ಟಿದಳು. ಅದು ನಿಜವೇ. ಆದರೆ ಗೌಡ ಬನ್ನಿ ಬಡಿಗೆ ಹಿಡಿದು ಒಳಗೆ ಕಾಲಿಟ್ಟು, ನಾಯಿಯ ಬಾಯಲ್ಲಿ ಬುಳುಬುಳು ನೊರೆ ಕಂಡು, ಬಡಿಗೆ ಕೈಬಿಟ್ಟು "ಯಪ್ಪಾ ಶಿವನ!" ಎಂದು ಗೋಡೆಗೆ ಒರಗಿದಾಗ ಅವಳಿಗಾದ ಸುಖ ಇದೆಯಲ್ಲ, ಅದರಲ್ಲಿ ಚೋಟ್ಯಾನ ಪಾಲು ಇರಲಿಲ್ಲ. ಅದಷ್ಟೂ ಅವಳದೇ.

ಗೌಡ ಮತ್ತೆ ಇಂಡಿಗೆ ಓಡಿದ. ಬೇಡವೆಂದರೂ ಕೇಳದೆ ಡಾಕ್ಟರ ಕಾಲು ಹಿಡಿದು, ಉಳಿದ ಏಳನ್ನೂ ಹಾಕಿ ಎಂದು ಗೋಗರೆದ. ಹೋಗಲಿ, ನಿಮ್ಮ ಸಮಾಧಾನಕ್ಕೆ ಎಂದು ಅವರು ಒಪ್ಪಿದರು. ಹೀಗೆ ಇನ್ನೂ ಏಳು ದಿನ ನಡೆಯಿತು. ಮುಂಜಾನೆ ಸುಂದರವ್ವ ಬಂದು ಬಾಯಿ ತೆರೆದು ತೋರಿಸಿದರೆ ನಾಯಿಗೆ ಹುಚ್ಚು. ಸಂಜೆ ಗೌಡ ನೀರಿಟ್ಟರೆ ಶಾಣ್ಯಾ ನಾಯಿ. ಈ ಲೆಕ್ಕ ಗೌಡನಿಗೆ ಹತ್ತಲಿಲ್ಲ. ಎಷ್ಟೋ ಸೂಜಿ ಒಳಗೆ ಹೋದ ಧೈರ್ಯಕ್ಕೆ ಬಡಿಗೆ ಬಿಟ್ಟು ಕೈಯಿಂದಲೇ ನೀರಿಡತೊಡಗಿದ.

ಚೋಟ್ಯಾನಿಗೆ ಮಾತ್ರ ಲೆಕ್ಕ ಸರಿಯಾಗಿ ಹತ್ತಿತು. ಅಂಟವಾಳ ತಿಕ್ಕಲು ಶುರುಮಾಡಿದ ಎರಡನೆಯ ದಿನ ಅವಳ ಕೈ ನೆಕ್ಕಲು ಬರಲಿಲ್ಲ. ಮೂರನೆಯ ದಿನ ಅವಳ ದನಿ ಕೇಳಿ ಗೋದಲಿಯ ಹಿಂದೆ ಸೇರಿತು. ಐದನೆಯ ದಿನ ಸರಪಳಿ ಹಿಡಿದು ಎಳೆದು ತೆಗೆಯಬೇಕಾಯಿತು. ಒಸಡು ಹುಣ್ಣಾಗಿ ಕೆಂಪಗಿತ್ತು. ಅವಳು ಮುಟ್ಟಿದಾಗ ಅದು ಉಚ್ಚೆ ಹೊಯ್ದುಕೊಂಡಿತು. ಗುಡುಗಿಗೆ ಹೆದರಿ ತನ್ನ ಕಂಬಳಿಗೆ ನುಗ್ಗುತ್ತಿದ್ದ ನಾಯಿ ಈಗ ತನಗೇ ಹಾಗೆ ನಡುಗುವುದನ್ನು ಕಂಡು ಸುಂದರವ್ವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ತಿಕ್ಕಿದಳು.

ಹದಿನಾಲ್ಕನೆಯ ಸೂಜಿಯ ದಿನ ಎಲ್ಲ ಮುಗಿಯುವುದಿತ್ತು. ಮರುದಿನ ಗೌಡನಿಗೆ ಹೆದರಲು ಏನೂ ಉಳಿಯುವುದಿಲ್ಲ, ನಾಯಿ ಬೇಕಾಗುವುದಿಲ್ಲ. ಅವಳ ತಮ್ಮ ಸೋಮನಿಂಗನ ಕುರಿಮಂದೆ ಆಗ ಸಾಲೋಟಗಿಯ ಹತ್ತಿರ ಇತ್ತು. ಅಲ್ಲಿಂದ ಸಿಂದಗಿ, ಬಸವನ ಬಾಗೇವಾಡಿಯ ಕಡೆ ಮೇಯಿಸುತ್ತ ಹೋಗುವುದಿತ್ತು. ನಾಯಿಯನ್ನು ತಂದುಕೊಟ್ಟರೆ ಮಂದೆಯ ಜೊತೆ ಒಯ್ಯುವುದಾಗಿ ಆತ ಹೇಳಿಕಳಿಸಿದ್ದ. ಗೌಡ ಇಂಡಿಗೆ ಹೋಗಿದ್ದ ಆ ಮಧ್ಯಾಹ್ನ, ವಾಡೆಯವರು ಉಂಡು ಅಡ್ಡಾಗಿದ್ದ ಹೊತ್ತು ನೋಡಿ, ಸುಂದರವ್ವ ಕಂಬಳಿ ಹೊದ್ದು ಕೊಟ್ಟಿಗೆಗೆ ನುಸುಳಿದಳು.

ಮುಂಜಾನೆ ತಿಕ್ಕಿ ಹೋದ ಕೈಯಲ್ಲಿ ಈಗ ಅಂಟವಾಳ ಇರಲಿಲ್ಲ. ಬೆಲ್ಲ ಹಚ್ಚಿದ ರೊಟ್ಟಿಯ ಚೂರಿತ್ತು. "ಚೋಟ್ಯಾ, ಬಾರೋ ನನ್ನ ಕೂಸ, ಹೋಗೂಣು" ಎಂದಳು. ಅದು ಗೋಡೆಗೆ ಬೆನ್ನು ಹಚ್ಚಿ, ಎರಡು ಹಲ್ಲಿನ ಜೊತೆ ಉಳಿದವನ್ನೂ ತೋರಿಸಿತು. ಬಸ್ಸು ಬರುವ ಹೊತ್ತಾಗಿತ್ತು. ಅವಳು ರೊಟ್ಟಿ ಚೆಲ್ಲಿ, ಕುತ್ತಿಗೆಗೆ ಕೈ ಹಾಕಿ ಸರಪಳಿಯ ಕೊಂಡಿ ಬಿಚ್ಚಲು ಹೋದಳು. ಚೋಟ್ಯಾ ಅವಳ ಮುಂಗೈಯನ್ನು ಮೂಳೆಯವರೆಗೆ ಕಚ್ಚಿತು.

ತಡೆಯಲಾರದೆ ಚೀರಿಬಿಟ್ಟಳು. ಮೊದಲು ಧೂಳಪ್ಪ ಬಂದ, ಆಮೇಲೆ ಸುಮಿತ್ರಾಬಾಯಿ, ಆಮೇಲೆ ಆಗಷ್ಟೇ ಬಸ್ಸಿಳಿದ ಗೌಡ. ರಕ್ತ ತೊಟ್ಟಿಕ್ಕುವ ಕೈ ಹಿಡಿದು ಕೂತ ಸುಂದರವ್ವನನ್ನೂ, ಗೋಡೆಯ ಮೂಲೆಯ ನಾಯಿಯನ್ನೂ ಆತ ಒಂದು ಗಳಿಗೆ ನೋಡಿದ. ಮೂಲೆಯಲ್ಲಿದ್ದ ಬನ್ನಿ ಬಡಿಗೆ ಎತ್ತಿಕೊಂಡ. ಆದರೆ ಅವನನ್ನು ಕಂಡು ಚೋಟ್ಯಾ ಬಾಲ ಅಲ್ಲಾಡಿಸಿತು.

ಗೌಡನ ಕೈ ತಡೆಯಿತು. ಎಂಥವನಿಗೂ ಹದಿನೇಳು ದಿನ ನೀರು ಕುಡಿಸಿದ ಪ್ರಾಣಿಯ ಮೇಲೆ ಏನೋ ಒಂದು ಹುಟ್ಟಿಕೊಳ್ಳುತ್ತದೆ.

"ಸುಂದರವ್ವ" ಎಂದ. ಆ ಹೆಸರನ್ನು ಆತ ಬೈಗುಳವಿಲ್ಲದೆ ಕರೆದದ್ದು ಅದೇ ಮೊದಲು. "ಡಾಕ್ಟರು ಇವತ್ತೂ ನಕ್ಕರು. ನಾಯಿ ನಿಮಗಿಂತ ಗಟ್ಟಿ ಐತಿ ಅಂದ್ರು. ನನಗ ತಿಳೀವಲ್ದು. ನೀ ಸಾಕಿದಾಕಿ, ನೀ ಹೇಳು. ಇದಕ ಹುಚ್ಚ ಹಿಡದೈತೋ ಇಲ್ಲೋ? ಇಲ್ಲಂದ್ರ ಬಿಟ್ಟಬಿಡ್ತೇನಿ. ಒಯ್ಯಿ ನಿನ್ನ ನಾಯಿ."

ಇಲ್ಲ ಎಂಬ ಒಂದು ಮಾತು. ಅದು ಸುಂದರವ್ವನ ನಾಲಗೆಯ ತುದಿಗೆ ಬಂದಿತ್ತು. ಅದರ ಬೆನ್ನ ಹಿಂದೆಯೇ ಬರುವ ಪ್ರಶ್ನೆಯೂ ಅವಳಿಗೆ ಕಂಡಿತು. ಇಲ್ಲವಾದರೆ ಕಣ್ಣಿನ ನೀರು ಹೊಸದು ಎಂದೇಕೆ ಹೇಳಿದೆ? ಕಾಲು? ನೊರೆ ಎಲ್ಲಿಂದ ಬಂತು? ಈ ಹದಿನಾಲ್ಕು ಸೂಜಿ ಯಾತಕ್ಕೆ ತಿಂದೆ ನಾನು? ಆ ಬಡಿಗೆ ಆಗ ಯಾರ ತಲೆಯ ಮೇಲೆ ಇಳಿಯುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಚೋಟ್ಯಾನನ್ನು ಉಳಿಸಲು ಇಷ್ಟೆಲ್ಲ ಮಾಡಿದವಳು ಅವಳು. ಉಳಿಸಲು ಒಂದೇ ಮಾತು ಸಾಕಾಗಿದ್ದ ಹೊತ್ತಿಗೆ ಅವಳಿಗೆ ತನ್ನ ಜೀವ ಪ್ರೀತಿಯಾಯಿತು.

"ನೀವ ನೋಡೀರಲ್ರಿ ಗೌಡ್ರ" ಎಂದಳು ನೆಲ ನೋಡುತ್ತ. "ದಿನಾ ನೊರಿ ಬರ್ತಿತ್ತು. ಈಗ ನನ್ನನ್ನ ಕಡೀತು. ಇನ್ನೇನ ಹೇಳ್ಲಿ?"

ಗೌಡ ಮುಂದೆ ಬಂದ. ಚೋಟ್ಯಾ ಹಾಲಿನ ಹೊತ್ತಾಯಿತೆಂದು ತಿಳಿದು ಮೂಲೆಯಿಂದ ಎದ್ದು ಅವನ ಎದುರಿಗೆ ಬಂದಿತು. ಎಡಗಾಲು ಸಿಕ್ಕಿಕೊಂಡು ಮೂರು ಕಾಲಿನ ಮೇಲೆ ಕುಪ್ಪಳಿಸಿತು. ಎರಡು ಸಲ ಕೆಮ್ಮಿತು. ಬೊಗಳಲು ಅದಕ್ಕೆ ಹೊತ್ತು ಸಿಗಲಿಲ್ಲ. ಮೊದಲ ಏಟಿಗೆ ಸಾಯಲಿಲ್ಲ, ನಾಲ್ಕು ಬೇಕಾದವು. ಮೂರನೆಯದರವರೆಗೂ ಅದು ಗೌಡನ ಕಡೆಗೇ ತೆವಳುತ್ತಿತ್ತು, ಸುಂದರವ್ವನ ಕಡೆಗೆ ಅಲ್ಲ.

ಧೂಳಪ್ಪ ಅದರ ಹಿಂಗಾಲು ಹಿಡಿದು ಎಳೆದುಕೊಂಡು ಹೋದ. ಗೌಡ ಬಡಿಗೆ ಒರಸಿ, ಸುಂದರವ್ವನ ಹತ್ತಿರ ಬಂದು ಕೂತ. ಅವನ ಮುಖದಲ್ಲಿ ನಿಜವಾದ ಕನಿಕರ ಇತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಆತ ಯೋಚಿಸಿ ಕೊಟ್ಟರೂ ಕೊಡಲಾಗುತ್ತಿರಲಿಲ್ಲ.

"ಹೆದರಬ್ಯಾಡ. ನೀನೂ ಹದಿನಾಲ್ಕು ಸೂಜಿ ಮಾಡಿಸ್ಕೋ. ಬಸ್ ಚಾರ್ಜು ನಾ ಕೊಡ್ತೇನಿ. ಭಾಳ ನೋವ ಆಗ್ತಾವು, ನನಗ ಗೊತ್ತೈತಿ. ಆದರ ಒಂದೂ ಬಿಡಬ್ಯಾಡ."

"ಸೂಜಿ ಬ್ಯಾಡ್ರಿ ಯಪ್ಪಾ" ಎಂದಳು ಸುಂದರವ್ವ. "ನಾಯಿ ಕಡದ್ರ ನಮ್ಮ ಮಂದಿ ಮಾಡಿದಂಗ ಏಳು ಬಾವಿ ಹಣಿಕಿ ನೋಡ್ತೇನಿ. ಸಾಕು."

ಬಾಗಿಲಲ್ಲಿ ನಿಂತಿದ್ದ ಸುಮಿತ್ರಾಬಾಯಿ ಎರಡು ಹೆಜ್ಜೆ ಒಳಗೆ ಬಂದಳು. "ಇವತ್ತ ಬಾವಿ ನೋಡ್ಕೊ" ಎಂದಳು. ಅವಳ ಕಣ್ಣು ಕೊಟ್ಟಿಗೆಯ ಕಸದ ಮೇಲಿತ್ತು. "ನಾಳೆ ಮುಂಜಾನಿ ತಯಾರಾಗಿರು. ನಾನ ಜೋಡಿ ಬರ್ತೇನಿ."

ಗೌಡನ ಹೆಂಡತಿ ಆಡು ಕಾಯುವವಳ ಪಕ್ಕ ಬಸ್ಸಿನಲ್ಲಿ ಕೂತದ್ದನ್ನು ಮರುದಿನ ಊರು ಕೊಂಡಾಡಿತು. ಎಂಥ ದೊಡ್ಡ ಮನಸ್ಸು ಎಂದರು. ಬಸ್ಸು ಊರು ದಾಟಿದ ಮೇಲೆ ಸುಮಿತ್ರಾಬಾಯಿ ಸೆರಗಿನ ಗಂಟು ಬಿಚ್ಚಿ ಅಂಗೈ ಚಾಚಿದಳು. ಅಂಗೈ ಮೇಲೆ ಕಪ್ಪಗೆ ಹೊಳೆಯುವ ಗುಂಡನೆಯ ಬೀಜಗಳಿದ್ದವು.

"ನಿನ್ನೆ ರಕ್ತದ ಕಸಾ ಬಳಿಯೂ ಮುಂದ ಸಿಕ್ಕಾವು" ಎಂದಳು. "ಏಳು ಅದಾವು. ನಮ್ಮ ಮನ್ಯಾಗ ಅಂಟವಾಳ ತರೂದಿಲ್ಲ ಸುಂದರವ್ವ. ನಾವು ಸಾಬೂನ ಹಚ್ಚೂ ಮಂದಿ."

ಸುಂದರವ್ವ ಬೀಜಗಳ ಮೇಲಿಂದ ಕಣ್ಣು ಎತ್ತಿದಳು. "ಗೌಡ್ರಿಗೆ…"

"ಅವರಿಗೆ ಹೇಳಿಲ್ಲ. ಹೇಳಿದ್ರ ನಿನ್ನ ಅಲ್ಲೇ ಬಡದು ಹಾಕ್ತಿದ್ರು. ಒಂದ ಸಲಕ ಮುಗದಹೋಗ್ತಿತ್ತು." ಸುಮಿತ್ರಾಬಾಯಿ ಬೀಜಗಳನ್ನು ಮತ್ತೆ ಗಂಟು ಕಟ್ಟಿದಳು. "ಹದಿನಾಲ್ಕು ದಿನಾ ನಾ ಅವರ ಹೊಟ್ಟಿಗೆ ಉಪ್ಪಿನ ಶಾಖಾ ಕೊಟ್ಟೇನಿ. ಒಂದೊಂದು ಗಂಟೂ ಎಲ್ಲಿ ಎದ್ದಿತ್ತಂತ ನನ್ನ ಕೈಗೆ ಗೊತ್ತು. ನೀನೂ ಹದಿನಾಲ್ಕು ತಿನ್ನು. ಒಂದು ತಪ್ಪಿತಂದ್ರ ಅವತ್ತ ಸಂಜಿ ಈ ಬೀಜಾ ಅವರ ಕೈಯಾಗ ಇಡ್ತೇನಿ."

ದವಾಖಾನೆಯಲ್ಲಿ ನರ್ಸ್ ಕಾಶಿಬಾಯಿ ವಯಸ್ಸಾದ, ಮೆತ್ತಗಿನ ಹೆಂಗಸು. ಗಾಯ ತೊಳೆದು ಪಟ್ಟಿ ಕಟ್ಟಿದಳು. ಕಚ್ಚಿದ ನಾಯಿ ಈಗ ಇಲ್ಲವೆಂದು ತಿಳಿದು ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ, ಅಷ್ಟುದ್ದದ ಸೂಜಿಯನ್ನು ಬಟ್ಟೆಯ ಕೆಳಗೆ ಮುಚ್ಚಿಟ್ಟು ಕೇಳಿದಳು.

"ನಾಯಿ ಯಾರದವ್ವಾ?"

"ನನ್ನದ್ರಿ."

"ಹಂಗಾರ ನಿನಗ ಗೊತ್ತಿರ್ತೈತಿ. ನಾಯಿ ಹ್ಯಾಂಗ ಇತ್ತು? ಛಲೋ ಇತ್ತಂದ್ರ ಖರೇ ಖರೇ ಹೇಳು. ಡಾಕ್ಟರಿಗೆ ನಾ ಹೇಳ್ತೇನಿ. ಇಷ್ಟ ಸೂಜಿ ಸುಮ್ನ ಯಾಕ ತಿಂತಿ?"

ಸುಂದರವ್ವ ತಿರುಗಿ ನೋಡಿದಳು. ಸುಮಿತ್ರಾಬಾಯಿ ಗೋಡೆಗೆ ಒರಗಿ ಸೆರಗಿನ ಗಂಟನ್ನು ಬೆರಳಲ್ಲಿ ಆಡಿಸುತ್ತಿದ್ದಳು.

"ಹುಚ್ಚ ಹಿಡದಿತ್ರಿ" ಎಂದಳು ಸುಂದರವ್ವ.

"ಹ್ಯಾಂಗ ಗೊತ್ತಾತು?"

"ಕಣ್ಣಾಗ ನೀರ ಬರ್ತಿದ್ವು" ಎಂದು ಶುರುಮಾಡಿದಳು. "ಬಾಯಾಗಿಂದ ಜೊಲ್ಲ ಇಳೀತಿತ್ತು. ಬೊಗಳೂ ಮೊದಲ ಎರಡ ಸಲ ಕೆಮ್ಮತಿತ್ರಿ. ಹಿಂದಿನ ಎಡಗಾಲು… ಎಡಗಾಲು ಸಿಕ್ಕೊಂತಿತ್ತು, ನಾಕ ಸಲ ಜಿಗದ್ರ ತಾನ ಬಿಡತಿತ್ತು. ಒಂದ ಕಿವಿ ನಿಂತಿತ್ತು. ಒಂದ ಬಿದ್ದಿತ್ತು." ಕಿವಿಯ ಮಾತು ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಮುಂದೆ ಹೇಳಲಾಗದೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾಯಿ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ನೋವಿಗೆ ಹೆದರಿದ್ದಾಳೆ ಎಂದುಕೊಂಡ ಕಾಶಿಬಾಯಿ ಅವಳ ತಲೆ ಸವರಿ, ಬೆಂಚಿನ ಮೇಲೆ ಅಂಗಾತ ಮಲಗಿಸಿದಳು. ಹೊಕ್ಕುಳ ಪಕ್ಕದಲ್ಲಿ ಹತ್ತಿಯಿಂದ ಒರೆಸಿದಳು. ಸುಮಿತ್ರಾಬಾಯಿ ತಾನಾಗಿಯೇ ಮುಂದೆ ಬಂದು, ಅಲುಗಾಡದಂತೆ ಸುಂದರವ್ವನ ಎರಡೂ ಭುಜಗಳನ್ನು ಬಿಗಿಯಾಗಿ ಒತ್ತಿ ಹಿಡಿದಳು. ಸೂಜಿ ಒಳಗೆ ಹೋಗಿ ಹೊರಗೆ ಬರುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದಳು.

"ಇನ್ನ ಹದಿಮೂರು" ಎಂದಳು.